ಉಮ್ಮನ ಬೆಕ್ಕಿಗೂ ಸರ್ಟಿಫಿಕೇಟ್ ಬೇಕೇ?

ಬಾಪ ತೀರಿಕೊಂಡ ಮೇಲೆ ಉಮ್ಮನನ್ನು ಮಂಗಳೂರಿನಿಂದ ನಾನು ಕೆಲಸಕ್ಕಿರುವ ಜಹೀರಾಬಾದಿಗೆ ಕರೆತರಲು ನೋಡಿದೆ. "ಬೆಕ್ಕನ್ನು ಬಿಟ್ಟು ನಾನು ಬರುವುದಿಲ್ಲ" ಎಂದರು. ಆಗ ಬಂಧುವೊಬ್ಬ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದ. ಹಣ ಕಟ್ಟಿದರೆ ಬೆಕ್ಕಿಗೆ 'ಎಮೋಷನಲ್ ಸಪೋರ್ಟ್ ಅನಿಮಲ್' ಎಂಬ ಸರ್ಟಿಫಿಕೇಟ್ ಸಿಗುತ್ತದಂತೆ, ರೈಲಿನಲ್ಲಿ ಯಾರೂ ತಡೆಯುವಂತಿಲ್ಲವಂತೆ.

ನಂಬಬೇಡಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಥ ಪ್ರಾಣಿಯ ಹೆಸರೇ ಇಲ್ಲ. ಈ ಮಾತು ಅಮೆರಿಕದಿಂದ ಬಂದದ್ದು. ಅಲ್ಲಿನ ಅಂಗವಿಕಲರ ಕಾನೂನಿನಲ್ಲೂ ಸರ್ವಿಸ್ ಅನಿಮಲ್ ಎಂದರೆ ಕೆಲಸ ಕಲಿತ ನಾಯಿ. ಅದು ಕಣ್ಣು ಕಾಣದವರಿಗೆ ದಾರಿ ತೋರುತ್ತದೆ, ಕಿವಿ ಕೇಳದವರಿಗೆ ಸದ್ದು ತಿಳಿಸುತ್ತದೆ. ಹತ್ತಿರ ಕೂತು ಸಮಾಧಾನ ಕೊಡುವುದಷ್ಟೇ ಆದರೆ ಆ ಲೆಕ್ಕಕ್ಕೆ ಬರುವುದಿಲ್ಲ. ಸಮಾಧಾನದ ಪ್ರಾಣಿಗಳನ್ನು ಸರ್ವಿಸ್ ಅನಿಮಲ್ ಎಂದು ಒಪ್ಪಲೇಬೇಕೆಂಬ ಕಟ್ಟುಪಾಡು 2021ರಿಂದ ಅಲ್ಲಿನ ವಿಮಾನಗಳಿಗೂ ಇಲ್ಲ.

ಈ ವ್ಯತ್ಯಾಸ ನಮಗೆ ಹೊಸದೇನಲ್ಲ. ನಾರಾಯಣಖೇಡದ ಕಡೆ ಕುರಿಹಿಂಡಿನ ಹಿಂದೆ ನಡೆಯುವ ನಾಯಿಯನ್ನು ಯಾರೂ ಮುದ್ದಿಗೆ ಸಾಕುವುದಿಲ್ಲ, ಅದಕ್ಕೆ ಕಾವಲಿನ ಕೆಲಸವಿದೆ. ಮದ್ರಸದಲ್ಲಿ ನಾವು ಕಲಿತದ್ದೂ ಹಾಗೆಯೇ: ಬೇಟೆಯ, ಹಿಂಡಿನ, ಹೊಲದ ನಾಯಿಗೆ ಹದೀಸಿನಲ್ಲಿ ವಿನಾಯಿತಿ ಇದೆ. 2008ರಲ್ಲಿ ಇಂಗ್ಲೆಂಡಿನ ಲೆಸ್ಟರಿನ ಒಂದು ಮಸೀದಿ, ಕಣ್ಣು ಕಾಣದ ಯುವಕನೊಬ್ಬ ನಮಾಜಿಗೆ ಬರುವಂತಾಗಲಿ ಎಂದು ಅವನ ನಾಯಿಗೆ ಬಾಗಿಲ ಬಳಿ ಜಾಗ ಮಾಡಿಕೊಟ್ಟಿತು. ನಾಯಿಯ ಮೇಲಿನ ಪ್ರೀತಿಗಲ್ಲ, ಅದು ಮಾಡುವ ಕೆಲಸಕ್ಕೆ ಸಿಕ್ಕ ಜಾಗ ಅದು.

ಹಾಗಾದರೆ ಉಮ್ಮನ ಸಮಾಧಾನ ಸಣ್ಣದೇ? ಖಂಡಿತ ಅಲ್ಲ. ಖಾಲಿ ಮನೆಯಲ್ಲಿ ರಾತ್ರಿ ಆ ಬೆಕ್ಕು ಕಾಲ ಬಳಿ ಮಲಗದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಆದರೆ ಆ ಪ್ರೀತಿಗೆ ಸುಳ್ಳು ಕಾಗದದ ಆಸರೆ ಬೇಡ. ಇವತ್ತು ನಾವು ಕೊಂಡ ಕಾಗದ ತೋರಿಸಿ ನುಸುಳಿದರೆ, ನಾಳೆ ತಾಂಡೂರು ಸ್ಟೇಷನ್ನಿಗೆ ನಿಜವಾದ ದಾರಿ ತೋರುವ ನಾಯಿಯೊಡನೆ ಬಂದವನನ್ನೂ ಟಿಟಿ ಅನುಮಾನದಿಂದಲೇ ನೋಡುತ್ತಾನೆ. ನಮಗೆ ಬೆಕ್ಕು ಜೊತೆಗಾರ. ಅವನಿಗೆ ನಾಯಿಯೇ ಕಣ್ಣು. ಅವನ ಹಕ್ಕನ್ನು ನಾವು ಅಗ್ಗ ಮಾಡಬಾರದು.

ಸಾಕುಪ್ರಾಣಿಯನ್ನು ಶುಲ್ಕ ಕಟ್ಟಿ ಒಯ್ಯಲು ರೈಲ್ವೆಯಲ್ಲಿ ಬೇರೆಯೇ ನಿಯಮವಿದೆ. ಸರ್ಟಿಫಿಕೇಟ್ ಬಿಟ್ಟು ಒಂದು ಬುಟ್ಟಿ ಕೊಂಡಿದ್ದೇನೆ. ಉಮ್ಮ ಈಗಲೇ ಅದರಲ್ಲಿ ತಮ್ಮ ಹಳೇ ಸೀರೆ ಹಾಸಿಟ್ಟಿದ್ದಾರೆ.