ಕೊಟ್ಟ ಮಾತನ್ನು ಕೊಟ್ಟೇ ಇಲ್ಲವೆಂದು ನಾನೇಕೆ ಬರೆದುಕೊಡಲಿ?

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಕಂಪನಿಗೆ ಫೋನ್ ಮಾಡಿ, ಮೇಲ್ಮನವಿ ಹಾಕಿ, ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿ, ಎಲ್ಲ ಆದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಮೊಬೈಲ್ ಕಂಪನಿಯ ವಕೀಲರು ವಿಚಾರಣೆಗೆ ಮೊದಲೇ ಒಂದು ರಾಜಿ ಪತ್ರ ಕಳಿಸಿದ್ದಾರೆ. ಸಹಿ ಹಾಕಿದರೆ ಮುಂದಿನ ಬಿಲ್ಲುಗಳಲ್ಲಿ ಮೂರು ಸಾವಿರ ರೂಪಾಯಿ ಬಿಡುತ್ತಾರಂತೆ. ಬದಲಿಗೆ ನಾನು ದೂರು ವಾಪಸ್ ಪಡೆಯಬೇಕು, ಈ ವಿಷಯವನ್ನು ಎಲ್ಲೂ ಎತ್ತಬಾರದು. ಅಷ್ಟೇ ಆಗಿದ್ದರೆ ಸಹಿ ಹಾಕಿಬಿಡುತ್ತಿದ್ದೆನೋ ಏನೋ, ಮನೆಯ ಖರ್ಚು ತೂಗಿಸುವವಳು ನಾನು. ಆದರೆ ಅದರೊಳಗೆ ಇನ್ನೊಂದು ಸಾಲಿದೆ. ಡೇಟಾಗೆ ಮಿತಿ ಹಾಕುವುದಿಲ್ಲ ಎಂಬ ಯಾವ ಭರವಸೆಯನ್ನೂ ಕಂಪನಿ ಕೊಟ್ಟಿರಲಿಲ್ಲ ಎಂದು ದೂರುದಾರರು ಒಪ್ಪುತ್ತಾರೆ, ಎಂದು.

ಕೊಟ್ಟಿದ್ದರು, ಅಧ್ಯಕ್ಷರೇ.

ನಮ್ಮದು ಮಲೆನಾಡಿನ ಒಂಟಿಮನೆ. ಫೈಬರ್ ಇನ್ನೂ ಬಂದಿಲ್ಲ. ಗುಡ್ಡದ ಮೇಲಿರುವ ಟವರ್ ಒಂದೇ ಕಂಪನಿಯದು. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಬಂದ ಮಗ ಇಲ್ಲೇ ಕೂತು ಕೆಲಸ ಮಾಡುತ್ತೇನೆಂದ, ತೋಟಕ್ಕೂ ಒಂದು ದಿಕ್ಕಾಯಿತು. ಪೇಟೆಯ ಮಳಿಗೆಗೆ ಹೋಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಮಧ್ಯದಲ್ಲಿ ಕೈಕೊಡುತ್ತೀರಾ? ‘ಇಲ್ಲ ಅಮ್ಮಾ, ಬಿಲ್ ಕಟ್ತಾ ಇರಿ, ಪ್ಲಾನ್ ನಿಮ್ಮದೇ. ಎಷ್ಟು ಬಳಸಿದ್ರೂ ಸ್ಪೀಡ್ ಇಳಿಯಲ್ಲ’ ಅಂದರು. ಅದು ಬರೀ ಬಾಯಿಮಾತೂ ಅಲ್ಲ. ಸಿಮ್ ಚಾಲೂ ಆದ ದಿನ ಬಂದ ಎಸ್ಸೆಮ್ಮೆಸ್ಸಿನಲ್ಲೇ ಇದೆ: ಈ ಸಂಪರ್ಕ ಇರುವವರೆಗೆ ನಿಮ್ಮ ಡೇಟಾಗೆ ಮಿತಿಯಿಲ್ಲ. ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ, ಆಯೋಗಕ್ಕೂ ಕೊಟ್ಟಿದ್ದೇನೆ. ಒಂದು ಬಿಲ್ಲನ್ನೂ ತಡ ಮಾಡಿದವಳಲ್ಲ.

ಆಮೇಲೆ ಇನ್ನೊಂದು ಎಸ್ಸೆಮ್ಮೆಸ್ ಬಂತು. ಹಳೆಯ ಪ್ಲಾನ್ ನಿಂತಿದೆ, ನಿಮ್ಮನ್ನು ಹೊಸದಕ್ಕೆ ಸೇರಿಸಿದ್ದೇವೆ ಎಂದು. ಬಾಡಿಗೆ ಜಾಸ್ತಿ, ಡೇಟಾಗೆ ಮಿತಿ, ಮಿತಿ ದಾಟಿದರೆ 64 ಕೆಬಿಪಿಎಸ್. ಆ ವೇಗದಲ್ಲಿ ಮಗನ ಮೀಟಿಂಗ್ ಇರಲಿ, ಅಡಿಕೆ ಧಾರಣೆ ನೋಡುವ ಪುಟವೂ ತೆರೆಯುವುದಿಲ್ಲ. ತಿಂಗಳ ಕೊನೆಯ ವಾರ ಅವನು ಲ್ಯಾಪ್‌ಟಾಪ್ ಹೊತ್ತು ಪೇಟೆಯ ಸ್ನೇಹಿತರ ಮನೆಗೆ ಹೋಗಿ ಕೂರುತ್ತಾನೆ. ಇಷ್ಟವಿಲ್ಲದಿದ್ದರೆ ಪೋರ್ಟ್ ಆಗಿ ಎಂದರು ಕಸ್ಟಮರ್ ಕೇರಿನವರು. 2011ರಿಂದ ದೇಶದಲ್ಲೆಲ್ಲ ಆ ಹಕ್ಕಿದೆ, ಗೊತ್ತು. ಇನ್ನೊಂದು ಸಿಗ್ನಲ್ಲೇ ಸಿಗದ ಕಡೆ ಆ ಹಕ್ಕಿನಿಂದ ನನಗೇನು ಸಿಕ್ಕಿತು?

ಮೇಲ್ಮನವಿಗೆ ಬಂದ ಉತ್ತರದಲ್ಲಿ ನಿಮ್ಮ ಹೆಸರಿತ್ತು. ಅದಕ್ಕೇ ಈ ಪತ್ರ ನಿಮಗೆ. ನಿಮ್ಮ 1999ರ ದರ ಆದೇಶದ ಪ್ರಕಾರ ಗ್ರಾಹಕ ಸೇರಿದ ದಿನದಿಂದ ಆರು ತಿಂಗಳು ಪ್ಲಾನ್ ಉಳಿಸಿದರೆ ಸಾಕು, ಆರು ತಿಂಗಳು ಎಂದೋ ಕಳೆದಿದೆ ಎಂದು ಬರೆದಿದ್ದರು. ಗ್ರಾಹಕರಿಗೆ ರಕ್ಷಣೆಯೆಂದು ನೀವು ಕೊಟ್ಟ ನಿಯಮವನ್ನೇ ಕಂಪನಿ ನನ್ನ ಎದುರು ಗುರಾಣಿಯಂತೆ ಹಿಡಿಯಿತು. ಅದೇ ಆದೇಶಕ್ಕೆ 2006ರಲ್ಲಿ ನೀವು ಮಾಡಿದ ತಿದ್ದುಪಡಿ ಅವರ ಉತ್ತರದಲ್ಲಿ ಇರಲಿಲ್ಲ. ‘ಲೈಫ್‌ಟೈಮ್’ ಎಂದು ಹೇಳಿ ಮುಂಗಡ ಹಣ ಪಡೆದಿದ್ದರೆ, ಹೇಳಿದಷ್ಟು ಕಾಲವೂ ಆ ಪ್ಲಾನ್ ಕೊಡಲೇಬೇಕು ಎನ್ನುತ್ತದೆ ಅದು. ಒಟ್ಟಿಗೆ ದುಡ್ಡು ಕೊಟ್ಟವರಿಗೆ ಮಾತು ಮಾತಾಗಿಯೇ ಉಳಿಯಬೇಕು, ತಿಂಗಳು ತಿಂಗಳೂ ಬಿಲ್ ಕಟ್ಟುವವರಿಗೆ ಆರು ತಿಂಗಳಿಗೇ ಮುಗಿಯಬೇಕು. ಇದು ಯಾವ ನ್ಯಾಯ? ಆ ಲೈಫ್‌ಟೈಮ್ ಸಿಮ್‌ಗಳಾದರೂ ಉಳಿದವೇ? 2005ರ ಕೊನೆಗೆ 999 ರೂಪಾಯಿ ಕಟ್ಟಿ ನಿಶ್ಚಿಂತರಾಗಿದ್ದವರ ಫೋನಿಗೆ, 2018ರಲ್ಲಿ, ಕನಿಷ್ಠ ರೀಚಾರ್ಜ್ ಮಾಡದಿದ್ದರೆ ಸೇವೆ ನಿಲ್ಲುತ್ತದೆ ಎಂಬ ಸಂದೇಶ ಬಂದದ್ದು ಊರಿಗೆಲ್ಲ ಗೊತ್ತು.

ವೈಯಕ್ತಿಕ ದೂರು ವಿಚಾರಿಸುವುದು ಟ್ರಾಯ್ ಕೆಲಸವಲ್ಲ ಎನ್ನುತ್ತೀರಿ. ಕಾನೂನಿನ ಮಟ್ಟಿಗೆ ಅದು ಸರಿ. ಹಾಗಾದರೆ ನಮ್ಮಂಥವರು ಎಲ್ಲಿಗೆ ಹೋಗಬೇಕಿತ್ತು? 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಂ ತೋರಿಸಿ, ಫೋನಿನ ತಕರಾರನ್ನು ಗ್ರಾಹಕ ವೇದಿಕೆ ಕೇಳುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಳಬಹುದು ಎಂದು ಅದೇ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2022ರ ಫೆಬ್ರುವರಿಯಲ್ಲಿ. ಈಗ ಬಾಗಿಲು ತೆರೆದಿದೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ ಒಳಗೆ ಹೋದವಳು ನಾನೊಬ್ಬಳೇ. ಅದೇ ಪ್ಲಾನ್ ಕಳೆದುಕೊಂಡ ನಮ್ಮ ಕೆಳಗಿನ ಮನೆಯವರು ಬರಲಿಲ್ಲ, ಕೊಯ್ಲಿನ ಸಮಯ. ಕಂಪನಿಗೂ ಬೇಕಾದ್ದು ಅದೇ. ಒಬ್ಬೊಬ್ಬರೇ ಬರಲಿ, ಬಂದವರಿಗೆ ಮೂರು ಸಾವಿರ ಕೊಟ್ಟು ಬಾಯಿ ಮುಚ್ಚಿಸೋಣ, ಉಳಿದವರ ಬಿಲ್ ಹಾಗೇ ನಡೆಯಲಿ.

ಅಮೆರಿಕದಲ್ಲಿ ಇದೇ ಜಗಳ ನಡೆದಿದೆ, ನಿಮಗೆ ತಿಳಿಯದ್ದಲ್ಲ. ಎಟಿ ಅಂಡ್ ಟಿ ಕಂಪನಿ 2010ರಲ್ಲಿ ಹೊಸಬರಿಗೆ ಅನ್‌ಲಿಮಿಟೆಡ್ ಡೇಟಾ ಕೊಡುವುದನ್ನು ನಿಲ್ಲಿಸಿತು. ಹಳಬರಿಗೆ ಪ್ಲಾನ್ ಉಳಿಸಿದ ಹಾಗೆ ಮಾಡಿ, ಮರುವರ್ಷದಿಂದ ಅವರ ವೇಗ ಇಳಿಸತೊಡಗಿತು. ಕೆಲವರಿಗೆ ತಿಂಗಳಿಗೆ 2 ಜಿಬಿ ದಾಟುತ್ತಿದ್ದಂತೆಯೇ. ಅಲ್ಲಿಯೂ ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋಗುವುದು ಸುಲಭವಿರಲಿಲ್ಲ. ಉಚಿತವೆಂದ ಫೋನಿಗೆ 30 ಡಾಲರ್ ಚಿಲ್ಲರೆ ತೆರಿಗೆ ಹಾಕಿದರೆಂದು ದಂಪತಿಯೊಬ್ಬರು ಹೂಡಿದ್ದ ಮೊಕದ್ದಮೆಯಲ್ಲಿ, ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಒಬ್ಬೊಬ್ಬರೇ ಮಧ್ಯಸ್ಥಗಾರರ ಬಳಿ ಹೋಗಬೇಕು ಎಂಬ ಇದೇ ಕಂಪನಿಯ ವಾದವನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಿದ್ದೂ ವೇಗ ಇಳಿಸಿದ ವಿಷಯದಲ್ಲಿ ಜನ ಕೈಚೆಲ್ಲಿ ಕೂರಬೇಕಾಗಲಿಲ್ಲ. ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ 2014ರಲ್ಲಿ ತಾನೇ ಕೋರ್ಟಿಗೆ ಹೋಯಿತು. 35 ಲಕ್ಷಕ್ಕೂ ಹೆಚ್ಚು ಜನರಿಗೆ ಹೀಗಾಗಿದೆ ಎಂದು ವಾದಿಸಿತು. ನಿಮಗೆ ಆ ಅಧಿಕಾರವೇ ಇಲ್ಲ ಎಂದು ಕಂಪನಿ ಎದ್ದು ನಿಂತರೂ ಬಿಡಲಿಲ್ಲ, 2018ರಲ್ಲಿ ಆ ತಕರಾರಿನಲ್ಲಿ ಗೆದ್ದಿತು. 2019ರ ನವೆಂಬರಿನಲ್ಲಿ 6 ಕೋಟಿ ಡಾಲರಿಗೆ ರಾಜಿಯಾಯಿತು.

ಆ ರಾಜಿಯನ್ನು ನಾನು ಹೊಗಳುವುದಿಲ್ಲ. ತಲೆಗೆ ಹಂಚಿದರೆ ಸಿಗುವುದು ಹದಿನೇಳು ಡಾಲರ್ ಆಸುಪಾಸು, ಕಂಪನಿ ತಪ್ಪನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಆದರೆ ದುಡ್ಡು ಎಲ್ಲರಿಗೆಂದು ನಿಗದಿಯಾಯಿತು. ಇದ್ದ ಗ್ರಾಹಕರಿಗೆ ಬಿಲ್ಲಿನಲ್ಲಿ, ಬಿಟ್ಟವರಿಗೆ ಚೆಕ್ಕಿನಲ್ಲಿ. ವೇಗ ಇಳಿಸುವುದಿದ್ದರೆ ಅದನ್ನು ಮೂಲೆಯ ಸಣ್ಣಕ್ಷರದಲ್ಲಿ ಅಡಗಿಸದೆ ಎದ್ದು ಕಾಣುವಂತೆ ಹೇಳಬೇಕು ಎಂಬ ಷರತ್ತೂ ಬಿತ್ತು.

ನಮ್ಮಲ್ಲಿ ಆಗದ ಕೆಲಸವೇ ಇದು? ‘ಐದು ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ’ ಎಂದ ಬೆಂಗಳೂರಿನ ರ‍್ಯಾಪಿಡೊಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಆಗಸ್ಟಿನಲ್ಲಿ 10 ಲಕ್ಷ ದಂಡ ಹಾಕಿ, ಆ 50 ರೂಪಾಯಿಯನ್ನು ಜನರಿಗೆ ಕೊಡಿ ಎಂದಿತು. ಆಟೊ ಕಂಪನಿಯ 50 ರೂಪಾಯಿಯ ಮಾತಿಗೆ ಇರುವ ಬೆಲೆ, ನೀವು ನಿಯಂತ್ರಿಸುವ ಕಂಪನಿಗಳ ಮಾತಿಗೆ ಏಕಿಲ್ಲ?

ಮಾತೆತ್ತಿದ ಮೇಲೆ ಇನ್ನಷ್ಟು ಹೇಳಿಬಿಡುತ್ತೇನೆ. ತಿಂಗಳೆಂದರೆ 28 ದಿನ ಎಂದು ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್ ಮಾಡಿಸಿದರು. 30 ದಿನದ್ದೂ ಒಂದು ಪ್ಲಾನ್ ಇಡಿ ಎಂದು ನೀವು ಹೇಳಲು 2022 ಬರಬೇಕಾಯಿತು. 2024ರ ಜುಲೈ ಮೊದಲ ವಾರ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದರಂತೆ ದರ ಏರಿಸಿದವು, ನೀವು ತಡೆಯಲಿಲ್ಲ. ಕೀಪ್ಯಾಡ್ ಫೋನಿನ ಅಜ್ಜಂದಿರು ಬೇಡದ ಡೇಟಾಗೆ ವರ್ಷಗಟ್ಟಲೆ ದುಡ್ಡು ಸುರಿದ ಮೇಲೆ, ಬರೀ ಮಾತಿನ ಪ್ಯಾಕ್ ಕೊಡಿ ಎಂದು ಆ ವರ್ಷದ ಡಿಸೆಂಬರಿನಲ್ಲಿ ನಿಯಮ ಮಾಡಿದಿರಿ. ಪ್ರತಿ ಸಲವೂ ಜನ ಕಳೆದುಕೊಂಡ ಮೇಲೆ ನೀವು ಬರುತ್ತೀರಿ. ಕಳೆದುಕೊಂಡದ್ದನ್ನು ಕೊಡಿಸುವ ಮಾತು ಮಾತ್ರ ಬರುವುದಿಲ್ಲ.

ಟ್ರಾಯ್ ಕಾಯ್ದೆಯ 13ನೇ ಕಲಂ ನಿಮಗೆ ಕಂಪನಿಗಳಿಗೆ ನಿರ್ದೇಶನ ಕೊಡುವ ಅಧಿಕಾರ ಕೊಟ್ಟಿದೆ. ಅದನ್ನು ಬಳಸಿ. ‘ಸಂಪರ್ಕ ಇರುವವರೆಗೆ’ ಎಂದು ಬರೆದುಕೊಟ್ಟು ಸೇರಿಸಿಕೊಂಡ ಪೋಸ್ಟ್‌ಪೇಯ್ಡ್ ಗ್ರಾಹಕರಿಗೂ 2006ರ ತಿದ್ದುಪಡಿಯ ರಕ್ಷಣೆ ಕೊಡಿ. ಕಿತ್ತುಕೊಂಡ ಪ್ಲಾನುಗಳ ಲೆಕ್ಕವನ್ನು ಕಂಪನಿಗಳಿಂದ ತರಿಸಿ, ಹೆಚ್ಚು ವಸೂಲಿ ಮಾಡಿದ್ದನ್ನು ದೂರು ಕೊಟ್ಟವರಿಗೂ ಕೊಡದವರಿಗೂ ಬಿಲ್ಲಿನಲ್ಲೇ ವಾಪಸ್ ಕೊಡಿಸಿ. ನಮ್ಮ ಕೆಳಗಿನ ಮನೆಯವರು ಕೊಯ್ಲು ಬಿಟ್ಟು ಆಯೋಗಕ್ಕೆ ಅಲೆಯಬೇಕಾಗಿ ಬರಬಾರದು. ಗ್ರಾಹಕರ ಬಾಯಿ ಕಟ್ಟುವ, ನಡೆದದ್ದನ್ನು ನಡೆದಿಲ್ಲವೆಂದು ಬರೆಸಿಕೊಳ್ಳುವ ರಾಜಿ ಪತ್ರಗಳನ್ನು ನಿಲ್ಲಿಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಒಂದು ಸಾಲನ್ನು ತೆಗೆದುಹಾಕಿ, ಮಾತು ಕೊಟ್ಟಿದ್ದೆವು, ತಪ್ಪಿದೆವು ಎಂದು ಅವರು ಬರೆದರೆ ಮೂರು ಸಾವಿರವನ್ನು ಅವರೇ ಇಟ್ಟುಕೊಳ್ಳಲಿ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ನೀವೇ ಬರೆಯಿರಿ. ‘ಸಂಬಂಧಪಟ್ಟ ಕಂಪನಿಗೆ ಕಳುಹಿಸಲಾಗಿದೆ’ ಎಂಬ ಉತ್ತರವಾದರೆ ಬೇಡ. ಆ ಕಂಪನಿಯ ವಿಳಾಸ ನನ್ನ ಬಳಿಯೂ ಇದೆ.

ಇತಿ,
ಮಲೆನಾಡಿನ ಒಬ್ಬ ಗ್ರಾಹಕಿ