ಹನಿ ಬಿಡುವವರು

ಕಣ್ಣಿನ ಪೊರೆ ತೆಗೆದು ಒಳಗೊಂದು ಲೆನ್ಸ್ ಕೂರಿಸುವುದಕ್ಕೆ ಈಗ ಕೈ ಪಳಗಿದ ಡಾಕ್ಟರಿಗೆ ಕಾಲು ಗಂಟೆ ಸಾಕು. ಹೆಚ್ಚಿನವರಿಗೆ ಹೊಲಿಗೆಯೂ ಬೇಡ, ಸೂಜಿಯೂ ಬೇಡ. ಮರಗಟ್ಟಿಸುವ ಹನಿ ಬಿಟ್ಟು, ದೀಪ ನೋಡ್ತಾ ಮಲಗಿ ಅನ್ನುತ್ತಾರೆ. ಬೆಳಗಿನ ಬಸ್ಸಿಗೆ ಸಖರಾಯಪಟ್ಟಣದಿಂದ ಚಿಕ್ಕಮಗಳೂರಿಗೆ ಹೋದವನು ಸಂಜೆ ಕಾಫಿ ಹೊತ್ತಿಗೆ ತನ್ನ ಮನೆಯ ಜಗಲಿಯ ಮೇಲಿರುತ್ತಾನೆ. ಇದನ್ನು ಆಪರೇಷನ್ ಅನ್ನಲೂ ಊರಿನವರಿಗೆ ಸಂಕೋಚ. "ಪೊರೆ ತಾನೆ, ಬಿಡಿ" ಅನ್ನುತ್ತಾರೆ. ಹೋದ ಬೇಸಿಗೆಯಲ್ಲಿ ನನ್ನ ಬಲಗಣ್ಣಿಗೂ ಅದು ಆಯಿತು. ಆಸ್ಪತ್ರೆಯ ಕೆಲಸ ಅವತ್ತಿಗೇ ಮುಗಿಯಿತು. ಗೆಳೆಯರ ಕೆಲಸ ಶುರುವಾದದ್ದು ಆಮೇಲೆ.

ಚೀಟಿಯಲ್ಲಿ ಎರಡು ಬಗೆಯ ಹನಿ. ಒಂದನ್ನು ಮೊದಲ ವಾರ ದಿನಕ್ಕೆ ಆರು ಸಲ, ಮುಂದಿನ ವಾರ ಐದು, ಆಮೇಲೆ ನಾಲ್ಕು, ಹೀಗೆ ಇಳಿಸುತ್ತಾ ಬರಬೇಕು. ಅದರಲ್ಲಿ ಸ್ಟೀರಾಯ್ಡ್ ಇರುವುದರಿಂದ ತಟ್ಟನೆ ನಿಲ್ಲಿಸುವಂತಿಲ್ಲ. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಒಲೆಯ ಹೊಗೆಗೆ ಹೋಗುವಂತಿಲ್ಲ. ಮನೆಯವರು ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದರು. ತನ್ನ ಕಣ್ಣಿಗೆ ತಾನೇ ಹನಿ ಬಿಟ್ಟುಕೊಳ್ಳಲು ಹೋದವರಿಗೆ ಗೊತ್ತು, ಅರ್ಧ ಔಷಧ ಕೆನ್ನೆಯ ಪಾಲು.

ಮೇಷ್ಟ್ರಾಗಿ ರಿಟೈರಾದ ನನ್ನ ಬಾಲ್ಯದ ಗೆಳೆಯನೊಬ್ಬ ಈ ಕೆಲಸ ವಹಿಸಿಕೊಂಡ. ಬಂದವನೇ ಹಿತ್ತಲ ನಲ್ಲಿಯಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯುವನು. ಎಡಗೈ ತೋರುಬೆರಳಿನಲ್ಲಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಬಾಟಲಿಯ ತುದಿ ಎಲ್ಲೂ ತಾಕದಂತೆ ಎತ್ತರದಲ್ಲಿ ಹಿಡಿದು, ಒಂದೇ ಹನಿ. "ನನ್ ಮುಖ ಏನ್ ನೋಡ್ತೀಯೋ, ಜಂತೆ ನೋಡೋ." ಔಷಧ ಗಂಟಲಿಗಿಳಿದು ಕಹಿಯಾಗದಿರಲೆಂದು ಮೂಗಿನ ಪಕ್ಕದ ಮೂಲೆಯನ್ನು ಒತ್ತಿ ಹಿಡಿಯುವನು. ಉಳಿದ ಐದು ನಿಮಿಷಕ್ಕೆ ಪೇಪರು ತೆಗೆದು ರಾಶಿ ಅಡಿಕೆಯ ಧಾರಣೆಯನ್ನು ಗಟ್ಟಿಯಾಗಿ ಓದುವನು, ಮಗ್ಗಿ ಹೇಳಿಸಿದ ಅದೇ ದನಿಯಲ್ಲಿ. ಇನ್ನೊಬ್ಬ, ಅಯ್ಯನಕೆರೆ ಕಡೆಯವನು, ಸರಿರಾತ್ರಿ ತ್ರೀ ಫೇಸ್ ಬಂದಾಗ ತನ್ನ ತೋಟದ ಜೊತೆಗೆ ನನ್ನ ತೋಟದ ಮೋಟರನ್ನೂ ಹಾಕಿ ಬರುತ್ತಿದ್ದ. ಹೋಟೆಲಿನವನು ಕ್ಯಾರಿಯರ್‌ನಲ್ಲಿ ಊಟ ಕಳಿಸಿ ಲೆಕ್ಕ ಬರೆಯಲಿಲ್ಲ. ಬರೆಯಪ್ಪಾ ಅಂದರೆ, "ಕಣ್ಣು ಸರಿಯಾದ ಮೇಲೆ ನೀನೇ ಬರ್ಕೋ" ಅಂದ.

ಪೊರೆಯ ಚಿಕಿತ್ಸೆ ಬಹಳ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಅದರ ವಿವರವಿದೆ. ಶಸ್ತ್ರ ಮುಗಿದ ಮೇಲೆ ರೋಗಿ ತೇಗಬಾರದು, ಕೆಮ್ಮಬಾರದು, ಸೀನಬಾರದು, ಉಗುಳಬಾರದು ಎಂಬ ಕಟ್ಟಳೆಯೂ ಇದೆ. ಸೀನು ಬಂದವನು ಏನು ಮಾಡಬೇಕೋ! ಹತ್ತಿರದ ಕಾಲಕ್ಕೆ ಬಂದರೂ ಕಟ್ಟಳೆ ಸಡಿಲವಾಗಿರಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ದಿನಗಟ್ಟಲೆ ಅಲುಗಾಡದೆ ಮಲಗಿಸುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಉಚಿತ ಶಿಬಿರ ಮಾಡಿ ಲಕ್ಷಾಂತರ ಜನರ ಪೊರೆ ತೆಗೆದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ ಅವರು ಮಾಡಿದ ಆಪರೇಷನ್ 833 ಎಂಬುದು ಗಿನ್ನೆಸ್ ಪುಸ್ತಕದ ದಾಖಲೆ. ಆ ಸಂಖ್ಯೆ ಕೇಳಿದಾಗ ಎಲ್ಲರೂ ಡಾಕ್ಟರ ಕೈಚಳಕಕ್ಕೆ ಬೆರಗಾಗುತ್ತಾರೆ. ನನಗೆ ಕಾಣುವುದು ಚಾಪೆಗಳ ಪಕ್ಕದಲ್ಲಿ ಕೂತ ಜನ. ಕಣ್ಣು ಕಟ್ಟಿದ ಒಬ್ಬೊಬ್ಬರಿಗೂ ಗಂಜಿ ಕುಡಿಸಲು, ಕೈ ಹಿಡಿದು ನಡೆಸಲು ಯಾರೋ ಒಬ್ಬರು ಬೇಕಾಗಿತ್ತಲ್ಲ, ಅವರ ಲೆಕ್ಕವನ್ನು ಯಾವ ಪುಸ್ತಕವೂ ಬರೆದುಕೊಂಡಿಲ್ಲ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೆ ಪೊರೆ ತೆಗೆದದ್ದು 1923ರಲ್ಲಿ. ವರ್ಷಗಟ್ಟಲೆ ಹೆದರಿ ಮುಂದೂಡುತ್ತಿದ್ದ ಅವನನ್ನು ಒಪ್ಪಿಸಿದವನು ಗೆಳೆಯ ಜಾರ್ಜ್ ಕ್ಲೆಮೆನ್ಸೊ. ಮೊದಲ ಮಹಾಯುದ್ಧದ ಕೊನೆಯಲ್ಲಿ ಫ್ರಾನ್ಸಿನ ಪ್ರಧಾನಿಯಾಗಿದ್ದವನು, ಓದಿದ್ದು ವೈದ್ಯಕೀಯ. ಮೊನೆಯಂಥ ರೋಗಿ ಯಾರಿಗೂ ಬೇಡ. ಮಲಗೆಂದರೆ ಏಳುವನು, ಕಟ್ಟಿದ ಬಟ್ಟೆಯನ್ನು ಕಿತ್ತುಹಾಕಲು ನೋಡುವನು. ಆಮೇಲೆ ಬಣ್ಣಗಳೆಲ್ಲ ನೀಲಿಯಾಗಿ ಕಾಣುತ್ತವೆಂದು ರಂಪ ಮಾಡಿದ. ಕ್ಲೆಮೆನ್ಸೊ ಸಮಾಧಾನ ಹೇಳಿದ, ಕಾದ, ಕೊನೆಗೆ ಮೊನೆ ದೇಶಕ್ಕೆ ಕೊಡುತ್ತೇನೆಂದ ನೈದಿಲೆಕೊಳದ ಚಿತ್ರಗಳನ್ನು ಕೊಡುವುದಿಲ್ಲ ಅಂದಾಗ ಸಿಟ್ಟಿನಿಂದ ಝಾಡಿಸಿದ. ಪ್ಯಾರಿಸ್ಸಿನ ಒರಾಂಜರಿಯಲ್ಲಿ 1927ರಿಂದ ಜನ ನೋಡುತ್ತಿರುವ ಆ ಚಿತ್ರಗಳ ಹಿಂದೆ ಈ ಬೈಗುಳವೂ ಇದೆ. ನೀಲಿಯ ಮಾತು ಸುಳ್ಳಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಅದು ಹೋದರೆ ಟ್ಯೂಬ್‌ಲೈಟೂ ನೀಲಿಯೇ. ನಾನೂ ಅಂಗಳದಲ್ಲಿ ಬಿದ್ದ ತೆಂಗಿನಕಾಯಿಗೆ ಬಗ್ಗಲು ಹೋಗಿ ಮೇಷ್ಟ್ರ ಕೈಲಿ ಬೀದಿಗೆಲ್ಲ ಕೇಳುವಂತೆ ಬೈಸಿಕೊಂಡೆ. ಅಷ್ಟು ಸಲಿಗೆಯಿಂದ ಬೈಯಲು ನರ್ಸಿಗೂ ಆಗದು, ಮಗನಿಗೂ ಆಗದು.

ಎರಡನೆಯ ಮಹಾಯುದ್ಧದ ಪೈಲಟ್‌ಗಳ ಕಣ್ಣಿನಲ್ಲಿ ಸಿಕ್ಕಿಕೊಂಡ ವಿಮಾನದ ಪರ್ಸ್‌ಪೆಕ್ಸ್ ಚೂರುಗಳು ಊತ ತರದೆ ಹಾಗೇ ಉಳಿದದ್ದನ್ನು ಕಂಡು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಅದೇ ಬಗೆಯ ವಸ್ತುವಿನ ಲೆನ್ಸನ್ನು ಕಣ್ಣೊಳಗಿಟ್ಟ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಅಲ್ಟ್ರಾಸೌಂಡಿನಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ದಾರಿ ತೋರಿಸಿದ. ಸೋಡಾಬುಡ್ಡಿ ಕನ್ನಡಕ ಹೋಯಿತು, ಮರಳಿನ ಚೀಲ ಹೋಯಿತು, ಆಸ್ಪತ್ರೆಯ ಮಂಚವೂ ಹೋಯಿತು. ಆದರೆ ಆರೈಕೆ ಅಳಿದುಹೋಗಿಲ್ಲ, ಆಸ್ಪತ್ರೆಯಿಂದ ಮನೆಗೆ ವರ್ಗವಾಗಿದೆ. ಆಪರೇಷನ್ ಚಿಕ್ಕದಾದಷ್ಟೂ ಮನೆಯಲ್ಲಿ ಜನ ಇರಲೇಬೇಕು ಎಂದಾಗಿದೆ; ಕಡೂರಿನಿಂದ ತರೀಕೆರೆವರೆಗೆ ನೋಡಿದರೆ ಎಷ್ಟೋ ಮನೆಗಳಲ್ಲಿ ಇರುವುದು ಇಬ್ಬರೇ ಮುದುಕರು, ಕೆಲವು ಕಡೆ ಒಬ್ಬರೇ.

ಶಿಬಿರ ನಡೆಸುವ ಸಂಘಸಂಸ್ಥೆಯವರಿಗೆ ಒಂದು ಮಾತು. ವ್ಯಾನಿನಲ್ಲಿ ಕರೆದೊಯ್ದು, ಕಪ್ಪು ಕನ್ನಡಕ ಕೊಟ್ಟು, ಮನೆಬಾಗಿಲಿಗೆ ತಂದು ಬಿಡುತ್ತೀರಿ, ಒಳ್ಳೆಯದೇ. ಹೆಸರು ಬರೆದುಕೊಳ್ಳುವ ದಿನವೇ ಹನಿ ಬಿಡುವವರು ಯಾರು ಎಂದು ಕೇಳಿ, ಅವರನ್ನೂ ಕರೆಸಿ, ರೆಪ್ಪೆ ಎಳೆಯುವುದು ಹೇಗೆ ಎಂದು ಒಂದು ಸಲ ತೋರಿಸಿ ಕಳಿಸಬಾರದೇ? ಮನೆಯವರೇ ಆಗಬೇಕೆಂದಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಕಾಲೇಜಿನ ಬಸ್ಸಿಗೆ ಮುಂಚೆ ಒಂದು ಸಲ, ಬಂದ ಮೇಲೆ ಮೂರು ಸಲ ಬಿಡುತ್ತಿದ್ದಳು. ಮಧ್ಯಾಹ್ನದ ಎರಡು ಸರದಿ ತರಕಾರಿ ಗಾಡಿಯವನದು.