ಹಳೆಯ ನಂಬರು, ಹೊಸ ನಂಬರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದೇ ಬಾಗಿಲಿಗೆ ‘ಹಳೆಯ ನಂಬರು’, ‘ಹೊಸ ನಂಬರು’ ಎಂಬ ಎರಡು ಅಂಕಿಗಳಿರುವುದನ್ನು ವಾಚಕರು ಕಂಡಿರಬಹುದು. ತುಮಕೂರು ರಸ್ತೆಯ ಮಾಕಳಿಯ ಕಡೆ ಈಗ ಹೊಸ ಮನೆಗಳೇಳುತ್ತಿವೆ. ಸಮೀಪದ ಮಾದಾವರಕ್ಕೆ 2024ರ ನವೆಂಬರಿನಲ್ಲಿ ಮೆಟ್ರೊ ರೈಲೂ ಬಂದಿತು. ಅಲ್ಲಿಯ ಮನೆಗೆ ಇಂಟರ್‌ನೆಟ್ಟಿನ ತಂತಿ ಬಂದೊಡನೆ ಇನ್ನೊಂದು ನಂಬರೂ ಬರುತ್ತದೆ. ಅದೇ ಐಪಿ ವಿಳಾಸ.

ಬಾಗಿಲಿನ ನಂಬರಿನಂತೆ ಇದು ಸ್ಥಿರವಲ್ಲ. ಸಂಪರ್ಕ ನೀಡುವ ಸಂಸ್ಥೆ ಇದನ್ನು ಗಡುವಿನ ಮೇಲೆ ಬಾಡಿಗೆಗೆ ಕೊಟ್ಟಂತೆ ಕೊಡುತ್ತದೆ. ಯಾವುದೋ ಜಾಲತಾಣ ನಿಮ್ಮ ನಂಬರಿಗೆ ಬಾಗಿಲು ಮುಚ್ಚಿದ್ದರೆ, ರೂಟರನ್ನು ಕೆಲಹೊತ್ತು ಆರಿಸಿಟ್ಟು ಮತ್ತೆ ಹಚ್ಚಿರಿ. ಅನೇಕ ವೇಳೆ ಹೊಸ ನಂಬರು ದೊರೆಯುತ್ತದೆ. ಗಡುವು ಮುಗಿದಿಲ್ಲವಾದರೆ ಹಳೆಯದೇ ಮರಳುವುದೂ ಉಂಟು.

ತೊಡಕು ಬೇರೆಡೆ ಇದೆ. ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಕಣಜದಲ್ಲಿ ಉಳಿದಿದ್ದ ಕೊನೆಯ ಭಾಗಗಳು 2011ರ ಫೆಬ್ರವರಿ 3ರಂದು ಹಂಚಿಹೋದುವು. ಆದುದರಿಂದ ಸಂಸ್ಥೆಗಳು ಹಲವು ಮನೆಗಳನ್ನು ಒಂದೇ ನಂಬರಿನ ಹಿಂದೆ ನಿಲ್ಲಿಸುತ್ತವೆ. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರ ವರೆಗಿನ ಅಂಕಿಗಳಿಂದ ಆರಂಭವಾದರೆ ನೀವೂ ಅಂಥ ಕೂಡುಕುಟುಂಬದವರೆಂದು ತಿಳಿಯಿರಿ. ಆಗ ರೂಟರನ್ನು ಆರಿಸಿ ಹಚ್ಚಿದ ಮಾತ್ರಕ್ಕೆ ಹೊರಗಿನ ನಂಬರು ಬದಲಾಗುವ ಭರವಸೆಯಿಲ್ಲ, ಸಂಸ್ಥೆಯನ್ನೇ ಕೇಳಬೇಕು. ಪ್ರತ್ಯೇಕವಾದ ಸ್ಥಿರ ನಂಬರು ಬೇಕಾದರೆ ಸಾಮಾನ್ಯವಾಗಿ ಹೆಚ್ಚಿನ ಶುಲ್ಕ ತೆರಬೇಕಾಗುತ್ತದೆ. ಐಪಿ ಆರನೆಯ ಆವೃತ್ತಿಯಲ್ಲಿ ಮಾತ್ರ ವಿಳಾಸಗಳಿಗೆ ಬರವಿಲ್ಲ.

ನಂಬರು ಬದಲಾದರೆ ಗುರುತು ಅಳಿಯಿತೆಂದು ಕೆಲವು ತರುಣರು ಭಾವಿಸುವುದುಂಟು. ಅದು ಭ್ರಮೆ. ಯಾವ ಹೊತ್ತಿನಲ್ಲಿ ಯಾವ ನಂಬರು ಯಾರ ಬಳಿಯಿತ್ತೆಂಬುದು ಸಂಸ್ಥೆಯ ದಫ್ತರದಲ್ಲಿ ದಾಖಲಾಗುತ್ತದೆ. ಆದರೆ ಆ ದಾಖಲೆಯನ್ನು ಓದುವವರು ತಪ್ಪಿದರೆ ಗತಿಯೇನು? 2007ರ ಆಗಸ್ಟಿನಲ್ಲಿ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ತರುಣ ಇಂಜಿನಿಯರನ್ನು, ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರವನ್ನು ಆರ್ಕುಟ್‌ನಲ್ಲಿ ಹಾಕಿದನೆಂಬ ಆರೋಪದ ಮೇಲೆ ಬಂಧಿಸಿದರು. ಐಪಿ ವಿಳಾಸದ ವಿವರವೇ ತಪ್ಪಾಗಿತ್ತೆಂದು ಬಳಿಕ ತಿಳಿಯಿತು. ಅಷ್ಟರಲ್ಲಿ ನಿರಪರಾಧಿ 50 ದಿನ ಸೆರೆಮನೆಯಲ್ಲಿದ್ದನು.

ಆ ಒಂದು ಅಂಕಿಯಿಂದಲೇ ಅಪರಾಧ ಸಿದ್ಧವಾಗುವುದಿಲ್ಲ. ಕ್ಷಣ ಸಹಿತವಾದ ವೇಳೆ ಬೇಕು. ನಂಬರನ್ನು ಹಲವರು ಹಂಚಿಕೊಂಡಿದ್ದರೆ ಪೋರ್ಟ್ ಸಂಖ್ಯೆಯೂ ಬೇಕು. ಇನ್ನು ಮನೆಯವರು ಮಾಡಬೇಕಾದುದು ಇಷ್ಟು: ವೈಫೈ ಗುಪ್ತಪದವನ್ನು ಕಂಡಕಂಡವರಿಗೆ ಕೊಡದಿರಿ. ಅತಿಥಿಯು ಮಾಡಿದ ಅನುಚಿತ ಕಾರ್ಯಕ್ಕೂ ವಿಚಾರಣೆ ಬರುವುದು ಮೊದಲು ನಿಮ್ಮ ಬಾಗಿಲಿಗೇ.